ಒಂದು ಕಾರಿಗೆ ಇಬ್ಬರು ಕಾವಲು

ಭಾನುವಾರ, ನವೆಂಬರ್ 9, 1986

ಹಾಲಿನ ಸೊಸೈಟಿಯವರು ವರ್ಷಕ್ಕೊಮ್ಮೆ ಪುಕ್ಕಟೆ ಕೊಡುವ ಈ ದಿನಚರಿಯಲ್ಲಿ ನಾನು ಬರೆಯುವುದು ಯಾವ ಹಸು ಯಾವತ್ತು ಈಯಿತು, ಮಳೆ ಬಂತೋ ಬಿಟ್ಟಿತೋ, ಅಷ್ಟೇ. ಇವತ್ತು ತಲೆ ತುಂಬಿಹೋಗಿದೆ. ಎಲ್ಲಾದರೂ ಇಳಿಸಿಕೊಳ್ಳದಿದ್ದರೆ ನಿದ್ದೆ ಬರುವುದಿಲ್ಲ.

ನಾಳೆ ಅಕ್ಕ ಅಟ್ರಾಕ್ಟಾಳನ್ನು ಡಬ್ಲಿನ್ನಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಅವಳ ಹೃದಯದ ಒಂದು ಕವಾಟ ಸೋರುತ್ತಿದೆಯಂತೆ. ಎದೆ ತೆರೆದು ಸರಿಮಾಡುತ್ತಾರಂತೆ. ನಮ್ಮ ಡಾಕ್ಟರು ಹೇಳಿದ್ದು ಇಷ್ಟು. ನಾನು ಕೇಳಿದ್ದೂ ಇಷ್ಟು.

ದನ ನೋಡಿಕೊಳ್ಳಲು ಒಪ್ಪಿರುವ ಪಕ್ಕದ ಹೊಲದ ಟಾಮಿ ಜೋ ಸಂಜೆ ಬಂದಿದ್ದ. ದನದ ವಿಷಯ ಎರಡು ಮಾತು, ಉಳಿದದ್ದೆಲ್ಲ ಡಬ್ಲಿನ್ನಿನ ಕಾರುಗಳ್ಳರ ವಿಷಯ. ಫುಟ್‌ಬಾಲ್ ಫೈನಲ್ ನೋಡಲು ಹೋದಾಗ ಇವನ ಕಾರಿನ ಗಾಜು ಒಡೆದು ಕೋಟು ಹೊತ್ತುಕೊಂಡು ಹೋಗಿದ್ದರಂತೆ.

"ಸ್ಯಾಂಡ್‌ವಿಚ್ ಕೂಡ ಬಿಡ್ಲಿಲ್ಲ ಕಣೋ ಫೀಲಿಮ್. ಕಾರಲ್ಲೇ ಆರಾಮಾಗಿ ಕೂತ್ಕೊಂಡು ತಿಂದಿದಾರೆ. ಬ್ರೆಡ್ಡಿನ ಅಂಚೆಲ್ಲ ಕಿತ್ತು ಸೀಟ್ ಮೇಲೆ ಬಿಟ್ಟೋಗಿದ್ರು."

ಅವನು ಹೋದ ಮೇಲೆ ಅಂಗಳಕ್ಕೆ ಹೋಗಿ ಕಾರಿಗೆ ಬೀಗ ಹಾಕಿ ನೋಡಿದೆ. ಕೀಲಿ ಯಾವ ಕಡೆ ತಿರುಗಿಸಬೇಕು ಎಂದೇ ಗೊತ್ತಾಗಲಿಲ್ಲ. ನಮ್ಮ ಲೀಟ್ರಿಮ್ ಕಡೆ ಕಾರಿಗೆ ಬೀಗ ಹಾಕುವವರು ಯಾರಿದ್ದಾರೆ? ಕೀಲಿ ಕಾರಿನಲ್ಲೇ ಇರುತ್ತದೆ. ದಾರಿಗೆ ಅಡ್ಡವಾದರೆ ಯಾರಾದರೂ ಸರಿಸಿಕೊಳ್ಳಲಿ, ಯಾರ ಹೆಂಡತಿಗಾದರೂ ನೋವು ಬಂದರೆ ತೆಗೆದುಕೊಂಡು ಹೋಗಲಿ ಎಂದು.

ಅಟ್ರಾಕ್ಟಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. "ಲೋ, ಆಪರೇಷನ್ ನಂಗೋ ಕಾರಿಗೋ?" ಎಂದಳು.

ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದೆ.

ಸೋಮವಾರ, ನವೆಂಬರ್ 10

ಬಂದು ತಲುಪಿದೆವು. ಅಟ್ರಾಕ್ಟಾ ಹೊರಡುವ ಮುಂಚೆ ಬಾನೆಟ್ಟಿನ ಮೇಲೆ ತೀರ್ಥ ಚಿಮುಕಿಸಿದ್ದಳು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನನ್ನ ಡ್ರೈವಿಂಗಿಗೆ ಹೆದರಿಯೇ ಇರಬೇಕು.

ಆಸ್ಪತ್ರೆಯ ಪಕ್ಕದ ಬೀದಿಗೆ ತಿರುಗಿದ್ದೇ ತಡ, ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ಸುರುಳಿ ಸುತ್ತಿದ ಪೇಪರ್ ಬೀಸುತ್ತ ಕಾರಿನ ಮುಂದೆ ಹಾರಿದ. "ಬರ್ಲಿ ಬರ್ಲಿ ಬರ್ಲಿ... ಬಲಕ್ಕೆ ಹೊಡೀರಿ ಯಜಮಾನ್ರೇ, ಪೂರ್ತಿ ಹೊಡೀರಿ... ಸಾಕ್ ಸಾಕ್." ಒಂದು ಹಸು ಹಿಡಿಯುವಷ್ಟೂ ಜಾಗವಿರಲಿಲ್ಲ, ಅಲ್ಲಿ ಕಾರನ್ನು ಕೂರಿಸಿಬಿಟ್ಟ. ಆಮೇಲೆ ಅಟ್ರಾಕ್ಟಾಳ ಕಡೆಯ ಬಾಗಿಲು ತೆಗೆದು, ಕೈ ಹಿಡಿದು ಇಳಿಸಿದ. "ನಿಶ್ಚಿಂತೆಯಿಂದ ಹೋಗ್ಬನ್ನಿ. ಗಾಡಿ ನಾನ್ ನೋಡ್ಕೋತೀನಿ."

ಡಬ್ಲಿನ್ನಿನಲ್ಲೂ ಒಳ್ಳೆಯ ಜನ ಇದ್ದಾರೆ ಎನಿಸಿತು. ಹೆಸರು ಹೇಳಿ ಕೈ ಕುಲುಕಿದೆ. ಅವನ ಹೆಸರು ಡೆಸ್ಸಿ ಕಫ್. ನಿಮ್ಮವರು ಯಾವ ಕಡೆಯವರು ಎಂದರೆ, "ಈ ಬೀದಿ ಕಡೆಯವ್ರು" ಎಂದ. ಕೈ ಕುಲುಕಿ ಆದಮೇಲೂ ಅವನು ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದ. ಇನ್ನೊಮ್ಮೆ ಕುಲುಕಿದೆ.

"ಏನಾದ್ರೂ ಕೊಡೋ," ಎಂದಳು ಅಟ್ರಾಕ್ಟಾ.

ನೆರೆಯವನು ಕೈಜೋಡಿಸಿದ್ದಕ್ಕೆ ಕಾಸು ಕೊಟ್ಟರೆ ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ. ನಾನು ಇಳಿದುಕೊಳ್ಳಲಿದ್ದ ಬಾಡಿಗೆ ಮನೆಯಾಕೆಗೆಂದು ತಂದಿದ್ದ ಮೊಟ್ಟೆಯ ಡಬ್ಬ ಕೊಟ್ಟೆ. ಅವನು ಮುಚ್ಚಳ ತೆಗೆದು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಮೊಟ್ಟೆ," ಎಂದ.

"ಹೂಂ, ನಮ್ಮನೆ ಕೋಳೀದೇ," ಎಂದೆ.

ಸಂಜೆ ಬಾಡಿಗೆ ಮನೆಯ ಮಿಸೆಸ್ ಟೂಹಿ ಈ ಕಥೆ ಕೇಳಿ ಕುರ್ಚಿ ಹಿಡಿದುಕೊಂಡಳು. "ಅಯ್ಯೋ ದೇವ್ರೇ, ಮೊಟ್ಟೆ ಕೊಟ್ರಾ? ಅವ್ರು ಕಾಸಿಗೆ ಕಾಯೋವ್ರು ಕಣ್ರೀ. ಕಾಸು ಬರ್ಲಿಲ್ಲ ಅಂದ್ರೆ ಅವ್ರೇ ಕನ್ನಡಿ ಮುರೀತಾರೆ, ಇಲ್ಲಾಂದ್ರೆ ಕದಿಯೋ ಹುಡುಗ್ರಿಗೆ ಕಣ್ ಹೊಡೀತಾರೆ." ಹಾಗಾದರೆ ಅವನು ಕಾಯುವವನೋ ಕದಿಯುವವನೋ? ಎರಡೂ ಹೌದು ಎನ್ನುವ ಹಾಗೆ ಆಕೆ ತಲೆಯಾಡಿಸಿದಳು. ನನಗೆ ತಲೆಬುಡ ತಿಳಿಯಲಿಲ್ಲ.

ಅಟ್ರಾಕ್ಟಾಳಿಗೆ ಮೂರನೇ ಮಹಡಿಯಲ್ಲಿ ಹಾಸಿಗೆ ಸಿಕ್ಕಿದೆ.

ಮಂಗಳವಾರ, ನವೆಂಬರ್ 11

ಕಾರು ಸುರಕ್ಷಿತ. ಕನ್ನಡಿಗಳೂ ಇವೆ. ಡೆಸ್ಸಿ ದೂರದಿಂದಲೇ ಪೇಪರ್ ಬೀಸಿದ. "ನಮ್ಮವಳು ಮೊಟ್ಟೆ ಹೊಗಳಿದ್ದೇ ಹೊಗಳಿದ್ದು ಯಜಮಾನ್ರೇ. ಹಳದಿ ಅಂದ್ರೆ ಅದು ಹಳದಿ ಅಂದ್ಲು." ನಾನು ಎಚ್ಚರಿಕೆಯಿಂದ ಜೇಬಿಗೆ ಕೈ ಹಾಕಿ ಚಿಲ್ಲರೆ ಕೊಟ್ಟೆ. ತಗೊಂಡ. ಆದರೆ ಮೊಟ್ಟೆ ವಿಷಯಕ್ಕೆ ನಕ್ಕವನು ಕಾಸು ಸಿಕ್ಕಾಗ ನಗಲಿಲ್ಲ. ಈ ಊರಿನ ಲೆಕ್ಕವೇ ನನಗೆ ಹತ್ತುತ್ತಿಲ್ಲ.

ಮೂಲೆಯಲ್ಲಿ ನಿಂತಿದ್ದ ಪೊಲೀಸನನ್ನು ಕೇಳಿದೆ. ಕಾರಿನೊಳಗೆ ಏನೂ ಕಾಣಬಾರದು, ಒಂದು ಪುಡಿಗಾಸೂ ಕಾಣಬಾರದು ಎಂದ. ಸರಿ, ಗಂಬೂಟು, ಹಗ್ಗ, ಕರುವಿಗೆ ಕುಡಿಸುವ ಔಷಧಿಯ ಬಾಟಲಿ, ಟಾರ್ಚು, ಹರಿದ ರೇನ್‌ಕೋಟು, ಎಲ್ಲವನ್ನೂ ಎರಡು ಹಿಂಡಿ ಚೀಲಕ್ಕೆ ತುಂಬಿ ಮೇಲಕ್ಕೆ ಹೊತ್ತೆ. ಸ್ಟೀರಿಂಗಿಗೆ ಹಸು ಕಟ್ಟುವ ಸರಪಳಿ ಬಿಗಿದು ಬೀಗ ಜಡಿದೆ. ವಾರ್ಡಿನ ನರ್ಸು ಚೀಲಗಳನ್ನು ನೋಡಿ, ಮೂಸಿ, ಕಿಟಕಿ ತೆಗೆದಳು. ಅಟ್ರಾಕ್ಟಾ ಕೆಮ್ಮು ಬರುವಷ್ಟು ನಕ್ಕಳು. ನಗಬಾರದು ಎಂದು ನರ್ಸು ಅವಳನ್ನೇ ಗದರಿದಳು.

ಆ ಕಿಟಕಿಯಿಂದ ಕಾಣುವುದು ಒಂದು ಚಿಮಣಿ ಮಾತ್ರ. ಬೀದಿ ಕಡೆಯ ಹಾಸಿಗೆ ಕೊಡಲು ಆಗುತ್ತದೆಯೇ ಎಂದು ಕೇಳಿದೆ.

"ಕಾರು ಕಾಣೋ ಹಾಸಿಗೆ ನಮ್ಮಲ್ಲಿಲ್ಲ," ಎಂದಳು ನರ್ಸು.

"ಕೂತ್ಕೋ ಫೀಲಿಮ್," ಎಂದಳು ಅಟ್ರಾಕ್ಟಾ. "ಒಂದ್ ಮಾತು ಹೇಳ್ಬೇಕು. ಆಪರೇಷನ್ ಆಗಿ ನಾನು ಕಣ್ಣು ಬಿಡೋವಾಗ..."

ಅಷ್ಟರಲ್ಲಿ ಕೆಳಗೆ ಗಾಜು ಒಡೆದ ಸದ್ದು. ಮೂರು ಮಹಡಿ ಓಡಿ ಇಳಿದೆ. ಹಾಲಿನವನು ಬಾಟಲಿ ಬೀಳಿಸಿದ್ದ. ಏದುಸಿರು ಬಿಡುತ್ತ ಮತ್ತೆ ಹತ್ತುವಷ್ಟರಲ್ಲಿ ಭೇಟಿಯ ಹೊತ್ತು ಮುಗಿದಿತ್ತು, ಬಾಗಿಲು ಹಾಕಿದ್ದರು.

ಬುಧವಾರ, ನವೆಂಬರ್ 12

ಟಾಮಿ ಜೋಗೆ ಫೋನ್ ಮಾಡಿದೆ. ಬ್ಯಾಟರಿ ಕಳಚಿ ರೂಮಿನಲ್ಲಿ ಇಟ್ಟುಕೋ ಎಂದ. ಮಿಸೆಸ್ ಟೂಹಿ ಬೀಗವನ್ನೇ ಹಾಕಬೇಡಿ ಎನ್ನುತ್ತಾಳೆ. ಬೀಗ ಹಾಕಿದರೆ ಒಳಗೇನೋ ಇದೆ ಅಂದುಕೊಂಡು ಗಾಜು ಒಡೆಯುತ್ತಾರಂತೆ, ತೆರೆದಿಟ್ಟರೆ ನೋಡಿ ಹೋಗುತ್ತಾರಂತೆ. ಪೊಲೀಸನು ಬೀಗ ಹಾಕದೆ ಹೋದರೆ ತಪ್ಪು ನಿಮ್ಮದೇ ಎನ್ನುತ್ತಾನೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೂಡುವುದಿಲ್ಲ. ನನ್ನ ತಲೆ ಮೊಸರು ಗಡಿಗೆಯಾಯಿತು.

ಕೊನೆಗೆ ಎರಡು ಬಾಗಿಲಿಗೆ ಬೀಗ ಹಾಕಿ ಎರಡನ್ನು ಹಾಗೇ ಬಿಟ್ಟೆ. ಆಮೇಲೆ ಇದು ಎಲ್ಲಕ್ಕಿಂತ ದಡ್ಡತನ ಎನಿಸಿ ಮತ್ತೆ ಹೋಗಿ ನಾಲ್ಕಕ್ಕೂ ಹಾಕಿದೆ.

"ನಿಮ್ ಕಾರನ್ನ ಯಾರ್ರೀ ಕದೀತಾರೆ, ಬಾಗಿಲೆಲ್ಲ ತುಕ್ಕು ಹಿಡಿದಿದೆ," ಎಂದಳು ಮಿಸೆಸ್ ಟೂಹಿ. ಆಕೆಗೇನು ಗೊತ್ತು. ನಾನೂ ಅಟ್ರಾಕ್ಟಾಳೂ ಕರು ಮಾರಿ ಸೇರಿ ಕೊಂಡ ಕಾರು ಅದು. ತಿಂಡಿ ಅರ್ಧಕ್ಕೇ ಬಿಟ್ಟು ಎದ್ದೆ.

ಅಟ್ರಾಕ್ಟಾಳನ್ನು ಬಾಗಿಲಿನಿಂದಲೇ ನೋಡಿಬಂದೆ. ಏನೇನೋ ನಳಿಕೆ ಹಾಕಿದ್ದಾರೆ. ಮಲಗಿದ್ದಳು. ಅಥವಾ ಮಲಗಿರಲಿಲ್ಲವೋ ಏನೋ.

ಗುರುವಾರ, ನವೆಂಬರ್ 13

ದಿನವಿಡೀ ಮಳೆ. ಮಳೆಯಲ್ಲೇ ಕಳ್ಳತನ ಜಾಸ್ತಿ, ಯಾಕೆಂದರೆ ಬೀದಿಯಲ್ಲಿ ಜನ ಇರುವುದಿಲ್ಲ. ಹಾಗಾಗಿ ಭೇಟಿಯ ಹೊತ್ತನ್ನು ಕಾರಿನಲ್ಲೇ ಕಳೆಯಬೇಕಾಯಿತು. ಹೊದ್ದುಕೊಳ್ಳಲು ಇದ್ದ ರೇನ್‌ಕೋಟು ವಾರ್ಡಿನಲ್ಲಿದೆ, ಹಿಂಡಿ ಚೀಲದಲ್ಲಿ.

ಡೆಸ್ಸಿ ಕಿಟಕಿ ತಟ್ಟಿದ. ಪೂರ್ತಿ ನೆನೆದಿದ್ದ. ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಬಿಟ್ಟುಕೊಂಡೆ. ಸರಪಳಿ ನೋಡಿದ.

"ಇದೇನಿದು, ಸ್ಟೀರಿಂಗ್ ಹಾಲು ಕೊಡತ್ತಾ?"

ನಾನು ನಗಲಿಲ್ಲ.

"ಯಾರಿಗೆ ಹುಷಾರಿಲ್ಲ, ಯಜಮಾನ್ತಿಗಾ?"

"ನಮ್ಮಕ್ಕ. ನಂಗೆ ಮದುವೆ ಇಲ್ಲ. ಅವಳಿಗೂ ಇಲ್ಲ."

"ಹೆಂಗಿದಾರೆ?"

"ಗೊತ್ತಿಲ್ಲ."

"ಇವತ್ತು ನೋಡ್ಲಿಲ್ವಾ?"

"ಇಲ್ಲಿ ಕಾರು ನೋಡ್ಕೋಬೇಕಲ್ಲ."

ಅವನು ಟೋಪಿ ತೆಗೆದು ಹಿಂಡಿದ. ನೀರೆಲ್ಲ ಸೀಟಿನ ಮೇಲೆ. "ಕಾರು ನೋಡ್ಕೊಳ್ಳೋದು ನನ್ ಕೆಲಸ. ಅದಕ್ಕೆ ನೀವು ಕಾಸೂ ಕೊಟ್ಟಿದೀರ, ಮೊಟ್ಟೇನೂ ಕೊಟ್ಟಿದೀರ. ಒಂದ್ ಕಾರಿಗೆ ಇಬ್ರು ಕಾವಲು, ಆ ಯಮ್ಮಂಗೆ ಒಬ್ರೂ ಇಲ್ಲ. ಇದ್ಯಾವ ನ್ಯಾಯ?"

ಇವನಿಗೆ ನಮ್ಮ ಮನೆಯ ವಿಷಯ ಯಾಕೆ? ನನ್ನನ್ನು ಇಲ್ಲಿಂದ ಎಬ್ಬಿಸುವುದಕ್ಕೆ ಇಷ್ಟು ಆತುರ ಯಾಕೆ? ಮಿಸೆಸ್ ಟೂಹಿ ಹೇಳಿದ್ದು ಸರಿಯೇ ಇರಬೇಕು. ಭೇಟಿಯ ಹೊತ್ತು ಮುಗಿದ ಗಂಟೆ ಕೇಳುವವರೆಗೂ ನಾನು ಕದಲಲಿಲ್ಲ. ಗೆದ್ದೆ ಎಂದುಕೊಂಡು ಊಟಕ್ಕೆ ಹೋದೆ, ಆದರೆ ತಟ್ಟೆ ಪಕ್ಕಕ್ಕೆ ಸರಿಸಿದೆ. ಮಿಸೆಸ್ ಟೂಹಿ ಬೇಯಿಸುವ ಆಲೂಗೆಡ್ಡೆಗೆ ಉಪ್ಪಿಲ್ಲ.

ಶುಕ್ರವಾರ, ನವೆಂಬರ್ 14

ದೊಡ್ಡ ಡಾಕ್ಟರು ಕರೆಸಿದ್ದರು. ಆಪರೇಷನ್ ಸೋಮವಾರ. ಬಹಳ ಹೊತ್ತು ಮಾತಾಡಿದರು. ಹಾಳೆಯ ಮೇಲೆ ಹೃದಯದ ಚಿತ್ರ ಬರೆದು ಬಾಣದ ಗುರುತು ಹಾಕಿದರು. ವಯಸ್ಸು, ಅಪಾಯ, ಅರ್ಧಕ್ಕರ್ಧ ಎಂಬ ಮಾತುಗಳು ಬಂದವು. ಕೊನೆಗೆ, "ಏನಾದರೂ ಕೇಳೋದಿದೆಯಾ?" ಎಂದರು.

ರೋಗಿಗಳ ಕಡೆಯವರು ಕಾರು ನಿಲ್ಲಿಸಲು ಆಸ್ಪತ್ರೆಯ ಒಳಗೆ ಜಾಗ ಕೊಡುತ್ತೀರಾ ಎಂದು ಕೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಯಾಕೆ ಹಾಗೆ ನೋಡಿದರೋ ಗೊತ್ತಿಲ್ಲ. ಕೇಳಿದ್ದರಲ್ಲಿ ತಪ್ಪೇನಿದೆ?

ಶನಿವಾರ, ನವೆಂಬರ್ 15

ಆಸ್ಪತ್ರೆಗೆ ಹೋಗಲಿಲ್ಲ. ಕಾರು ತೊಳೆದೆ.

ಭಾನುವಾರ, ನವೆಂಬರ್ 16

ಪೂಜೆ ಮುಗಿಸಿ ಆಸ್ಪತ್ರೆಯ ಬೀದಿಗೆ ಬಂದು ಕಾರಿನಲ್ಲೇ ಕೂತೆ. ಕೂತು ಸರಪಳಿಯ ಬೀಗ ಹಾಕುವುದರೊಳಗೆ ಡೆಸ್ಸಿ ಬಾಗಿಲು ತೆಗೆದು, ಇಳಿಯಲಿ ಎಂದು ಹಿಡಿದುಕೊಂಡು ನಿಂತ. ಆಪರೇಷನ್ ಸೋಮವಾರ ಎಂದು ಅವನಿಗೆ ಯಾರು ಹೇಳಿದರು? ಮೇಲಿನ ನರ್ಸನ್ನು ಕೇಳಿದನಂತೆ.

"ಇಳೀರಿ ಯಜಮಾನ್ರೇ."

"ಆಮೇಲೆ ಹೋಗ್ತೀನಿ."

"ಆಮೇಲೆ ಅನ್ನೋದು ಇಲ್ಲ. ಇವತ್ತೇ ಆಮೇಲೆ. ಇಳೀತೀರೋ, ನಾನೇ ಗಾಜು ಒಡೀಲೋ?"

ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಪೇಪರಿನ ಸುರುಳಿ ಗಾಜಿನ ಹತ್ತಿರವೇ ಇತ್ತು. ಇಳಿದೆ. ಮೇಲೆ ಹೋದೆ.

ಅಟ್ರಾಕ್ಟಾಳ ಕೂದಲು ಬಿಚ್ಚಿಹೋಗಿತ್ತು. ನಾನು ಅವಳ ಕೂದಲು ಬಿಚ್ಚಿದ್ದು ಯಾವತ್ತೂ ನೋಡಿರಲಿಲ್ಲ. ಬೆಳಿಗ್ಗೆ ನಾನು ಏಳುವಾಗ ಗಂಟು ಹಾಕಿಯೇ ಇರುತ್ತಿದ್ದಳು. ಇಷ್ಟು ಬೆಳ್ಳಗಾಗಿದೆ ಎಂದು ಗೊತ್ತೇ ಇರಲಿಲ್ಲ. ಮುಖ ಚಿಕ್ಕದಾಗಿತ್ತು.

"ಬಂದ್ಯಾ," ಎಂದಳು. "ಕಾರು ಹೇಗಿದೆ?"

"ಪರವಾಗಿಲ್ಲ."

"ಜ್ವರಗಿರ ಏನೂ ಇಲ್ವಲ್ಲ?"

ನನಗೆ ನಗು ಬಂತು. ಟಾಮಿ ಜೋ ಕಳಿಸಿದ್ದ ಊರಿನ ವಾರಪತ್ರಿಕೆ ಅವಳ ದಿಂಬಿನ ಪಕ್ಕದಲ್ಲಿತ್ತು. ಓದು ಎಂದಳು. ಏನು ಓದಬೇಕೆಂದು ಕೇಳಬೇಕಾಗಿರಲಿಲ್ಲ. ಮನೆಯಲ್ಲೂ ಪತ್ರಿಕೆ ಬಂದ ಕೂಡಲೇ ನಾವಿಬ್ಬರೂ ಮೊದಲು ನೋಡುವುದು ಯಾರು ತೀರಿಹೋದರು ಎಂಬ ಪುಟವನ್ನೇ. ಓದುತ್ತ ಹೋದೆ. ಅವಳು ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರಿಗೂ ಒಂದೊಂದು ಮಾತು ಸೇರಿಸಿದಳು. ಇವನು ಒಳ್ಳೆಯ ಕುಣಿತಗಾರ, ಇವಳು ಎರವಲು ತಗೊಂಡ ಬಾಣಲೆ ಕೊಡಲೇ ಇಲ್ಲ, ಹೀಗೆ.

"ನಂದು ಬಂದ್ರೆ ವಯಸ್ಸು ಹಾಕಿಸ್ಬೇಡ," ಎಂದಳು.

ನಾನು ಪುಟ ಮಡಚಿದೆ. ಮಡಚುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ನಂಗೆ ಭಯ ಆಗ್ತಿದೆ ಕಣೋ," ಎಂದಳು ಅಟ್ರಾಕ್ಟಾ.

ಅವಳು ಹಾಗೆ ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಹಾಯುವ ಹೋರಿಯ ಮೂಗುದಾರಕ್ಕೆ ಕೈಹಾಕಿದವಳು. ಅಮ್ಮ ಹೋದಾಗ ನನ್ನನ್ನು ಕೊಟ್ಟಿಗೆಗೆ ಕಳಿಸಿ ಎಲ್ಲವನ್ನೂ ತಾನೇ ಮಾಡಿದವಳು. "ನಂಗೂ," ಎಂದೆ. ಹೇಳಿದ ಮೇಲೆ ಅಳು ಬಂತು. ಪಕ್ಕದ ಹಾಸಿಗೆಯ ಹೆಂಗಸು ಗೋಡೆ ಕಡೆ ತಿರುಗಿಕೊಂಡಳು, ಒಳ್ಳೆಯವಳು.

"ಗೊತ್ತು," ಎಂದಳು ಅಟ್ರಾಕ್ಟಾ. "ಮಂಗಳವಾರದಿಂದ ಒಂದ್ ಮಾತು ಹೇಳ್ಬೇಕು ಅಂತಿದೀನಿ, ನೀನು ನಿಲ್ಲೋದೇ ಇಲ್ಲ. ಕಣ್ಣು ಬಿಟ್ಟಾಗ ಎದುರಿಗೆ ಗುರುತಿನ ಮುಖ ಇರ್ಬೇಕು. ಗುರುತಿಲ್ಲದವ್ರು ಕಂಡ್ರೆ ನಾನು ಸತ್ತೇ ಹೋದೆ ಅಂದ್ಕೋತೀನಿ. ನೀನಿರ್ಬೇಕು. ಕೆಳಗೆ ಕಾರಲ್ಲಲ್ಲ, ಇಲ್ಲಿ."

ಇರುತ್ತೇನೆ ಎಂದೆ. ಇದ್ದೇ ಇರುತ್ತೇನೆ ಎಂದೆ. ಅವಳು ನನ್ನ ತೋಳಿನ ಬಟ್ಟೆ ಹಿಡಿದುಕೊಂಡಳು. ಕೈಯನ್ನಲ್ಲ, ಬಟ್ಟೆಯನ್ನು. ನಮ್ಮ ಮನೆಯಲ್ಲಿ ಕೈ ಹಿಡಿಯುವ ರೂಢಿಯಿಲ್ಲ. ಗಂಟೆ ಬಾರಿಸಿತು. ನರ್ಸು ಬಂದು ನೋಡಿ, ಪರದೆ ಎಳೆದು ಹೋದಳು.

ಜಡೆ ಹಾಕಲು ಬರುತ್ತದೆಯೇ ಎಂದಳು. ಕುದುರೆ ಬಾಲಕ್ಕೆ ಹಾಕಿ ಅಭ್ಯಾಸವಿದೆ ಎಂದೆ. ಅದೇ ಸಾಕು ಎಂದಳು. ಹಾಕಿದೆ. ಚೆನ್ನಾಗಿಯೇ ಬಂತು.

ಮಿಸೆಸ್ ಟೂಹಿ ಕಾರು ಹೇಗಿದೆ ಎಂದು ಕೇಳಿದಳು. ಇದೆ ಎಂದೆ. ಬೀಗ ಹಾಕಿದೆನೋ ಇಲ್ಲವೋ ಜ್ಞಾಪಕವಿಲ್ಲ.

ಸೋಮವಾರ, ನವೆಂಬರ್ 17

ಬೆಳಿಗ್ಗೆ ಬೇಗ ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದಿದ್ದರು. ನನಗೆ ಎಚ್ಚರವಾದದ್ದು ತಡ. ಬೀದಿಯಲ್ಲಿ ಜಾಗ ಹುಡುಕುತ್ತ ಕೂರಲಿಲ್ಲ, ನೇರ ಆಸ್ಪತ್ರೆ ಗೇಟಿಗೆ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸುವ ಹಾಗೆ ನಿಲ್ಲಿಸಿ ಮೇಲಕ್ಕೆ ಓಡಿದೆ. ಅವಳನ್ನು ಗಾಲಿ ಮಂಚಕ್ಕೆ ಹಾಕುತ್ತಿದ್ದರು. ಜಡೆ ಬಿಚ್ಚಿ ಟೋಪಿಯೊಳಗೆ ಸೇರಿಸಿದ್ದರು. ಲಿಫ್ಟಿನವರೆಗೂ ಪಕ್ಕದಲ್ಲಿ ನಡೆದೆ. ಈ ಸಲ ಕೈಯನ್ನೇ ಹಿಡಿದುಕೊಂಡೆ. ಬಾಗಿಲು ಮುಚ್ಚುವಾಗ ಅವಳು, "ಕೋಳಿಗೂಡಿನ ಚಿಲಕ ಸಡಿಲ ಇದೆ," ಎಂದಳು. ಅದನ್ನು ಈಗ ಯಾಕೆ ಹೇಳಿದಳೋ.

ಬೆಂಚಿನ ಮೇಲೆ ಕೂತೆ. ಗೋಡೆಯ ಬಣ್ಣ ಹಸಿರು. ಅಲ್ಲೇ ಒಂದು ದೇವಮಾತೆಯ ವಿಗ್ರಹ. ಬಹಳ ಹೊತ್ತಿನ ಮೇಲೆ ಡೆಸ್ಸಿ ಬಂದ. ಟೋಪಿ ಕೈಯಲ್ಲಿ ಹಿಡಿದಿದ್ದ. ತಲೆ ಪೂರ್ತಿ ಬೋಳು ಎಂದು ಆಗ ಗೊತ್ತಾಯಿತು.

"ಯಜಮಾನ್ರೇ, ಕಾರು ಗೇಟ್ ಮುಂದೇನೇ ಬಿಟ್ಟಿದೀರ."

"ಹೂಂ."

ನಿಂತ. ಆಮೇಲೆ ಪಕ್ಕದಲ್ಲಿ ಕೂತ. ಬೀದಿಯ ಕಾರುಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. "ಇವತ್ತು ರಜಾ," ಎಂದ. ಜಪಮಣಿ ತೆಗೆದೆ. ಅವನೂ ಸೇರಿಕೊಂಡ. ನಡುನಡುವೆ ಮರೆತು ಗೊಣಗುತ್ತಿದ್ದ. ನಮ್ಮ ಕಡೆ ಸಾವಿನ ಮನೆಗೂ ಕಾಯಿಲೆಯ ಮನೆಗೂ ನೆರೆಯವರು ಹೀಗೇ ಬಂದು ಕೂರುತ್ತಾರೆ. ಅವರಿಗೆ ಯಾರೂ ಹೇಳಿಕಳಿಸುವುದಿಲ್ಲ. ಇವನಿಗೆ ಇದನ್ನು ಯಾರು ಕಲಿಸಿದರೋ. ಸಂಜೆಯಾಗುತ್ತ ಬಂದಾಗ ಡಾಕ್ಟರು ಬಂದರು. ಕವಾಟ ಕೂತಿದೆ, ಆದರೆ ಅವಳು ಕಣ್ಣು ಬಿಡುವವರೆಗೂ ಏನೂ ಹೇಳಲಾರೆ ಎಂದರು. ಡೆಸ್ಸಿ ನನ್ನ ಬೆನ್ನು ತಟ್ಟಿ ಕೆಳಗೆ ಹೋದ. ನರ್ಸು ಹಾಸಿಗೆಯ ಪಕ್ಕ ಒಂದು ಕುರ್ಚಿ ಹಾಕಿಕೊಟ್ಟಳು.

ಮಂಗಳವಾರ, ನವೆಂಬರ್ 18

ಕುರ್ಚಿಯಲ್ಲೇ ಬರೆಯುತ್ತಿದ್ದೇನೆ. ರೂಮಿಗೆ ಹೋಗಿಲ್ಲ.

ಬೆಳಗಿನ ಚಹಾದ ಗಾಡಿ ಬರುವ ಹೊತ್ತಿಗೆ ಅವಳ ರೆಪ್ಪೆ ಅಲುಗಿತು. ನಾನು ಎದ್ದು ಸರಿಯಾಗಿ ಎದುರಿಗೆ, ಬೆಳಕು ಮುಖದ ಮೇಲೆ ಬೀಳುವ ಕಡೆ ಹೋಗಿ ನಿಂತೆ. ಕಣ್ಣು ಬಿಟ್ಟಳು. ಮುಚ್ಚಿದಳು. ಮತ್ತೆ ಬಿಟ್ಟಳು. ಬಹಳ ಹೊತ್ತು ನೋಡಿದಳು. ನನ್ನ ಗುರುತು ಸಿಗಲಿಲ್ಲವೇನೋ ಎಂದು ಇನ್ನಷ್ಟು ಬಾಗಿದೆ.

ಬಾಯಲ್ಲಿ ನಳಿಕೆ ಇತ್ತು, ಮಾತಾಡುವ ಹಾಗಿರಲಿಲ್ಲ. ಕೈಯೆತ್ತಿ ತನ್ನ ಗಲ್ಲ ಸವರಿಕೊಂಡು ನನ್ನ ಕಡೆ ಬೆರಳು ತೋರಿಸಿದಳು. ಗಡ್ಡ ಹೆರೆದುಕೊಂಡಿಲ್ಲ ಎಂದು ಬೈಯುತ್ತಿದ್ದಾಳೆ ಎಂದು ಅರ್ಥವಾಯಿತು. ಈ ವಾರವೆಲ್ಲ ನನಗೆ ಸರಿಯಾಗಿ ಅರ್ಥವಾದ ಮಾತು ಅದೊಂದೇ. ನರ್ಸು ಇದ್ದಾಳೆ ಎಂಬುದನ್ನೂ ಮರೆತು ಅವಳ ಹಣೆಗೆ ಮುತ್ತು ಕೊಟ್ಟೆ.

ಮಧ್ಯಾಹ್ನ ನಳಿಕೆ ತೆಗೆದರು. ಸ್ಪಂಜಿನಿಂದ ತುಟಿ ಒದ್ದೆ ಮಾಡಿದೆ. ನೀರು ಗುಟುಕು ಕುಡಿದಳು. ಮಳೆಯಾ ಎಂದು ಕೇಳಿದಳು. ಇಲ್ಲ, ಬಿಸಿಲು ಎಂದೆ. ನನ್ನ ತೋಳು ಹಿಡಿದುಕೊಂಡೇ ನಿದ್ದೆ ಹೋದಳು. ಉಸಿರು ಏರಿಳಿಯುವುದನ್ನು ನೋಡುತ್ತ ಕೂತಿದ್ದೆ.

ಆಗ ಡೆಸ್ಸಿ ಪರದೆ ಸರಿಸಿಕೊಂಡು ಒಳಗೆ ನುಗ್ಗಿದ. ಮುಖ ಬಿಳಿಚಿಕೊಂಡಿತ್ತು. "ಯಜಮಾನ್ರೇ, ನಿಮ್ ಕಾರಿಲ್ಲ. ನಿನ್ನೆ ಸಂಜೆ ನಾನಿಳಿದು ಹೋದಾಗ್ಲೇ ಇರ್ಲಿಲ್ಲ, ಗೇಟಿನವ್ನೇ ಒಳಗೆ ಸರಿಸಿದಾನೆ ಅಂದ್ಕೊಂಡೆ. ಕೀಲಿ ಅದ್ರಲ್ಲೇ ನೇತಾಡ್ತಿತ್ತಂತೆ, ಬಾಗಿಲೂ ತೆಗೆದೇ ಇತ್ತಂತೆ, ಗೇಟಿನವ್ನು ಈಗ ಹೇಳ್ದ. ನಾನು ಕೆಳಗಿದ್ದಿದ್ರೆ..."

"ಮೆಲ್ಲಗೆ ಮಾತಾಡಯ್ಯ," ಎಂದೆ. "ಈಗಷ್ಟೇ ಅವಳಿಗೆ ನಿದ್ದೆ ಹತ್ತಿದೆ."